ವೇಗ ಮತ್ತು ದಮ್ಮು: ಎಳೆಯ ಫುಟ್‌ಬಾಲ್ ಆಟಗಾರರನ್ನು ಅಳೆದ ಇತಿಹಾಸ

ಮಳೆಗಾಲ ಇಳಿಮುಖವಾಗುತ್ತಿದ್ದಂತೆ ನಮ್ಮ ಶಾಲೆಗಳಲ್ಲಿ ತಾಲ್ಲೂಕು ಮಟ್ಟದ ಕ್ರೀಡಾಕೂಟದ ಗಡಿಬಿಡಿ ಆರಂಭವಾಗುತ್ತದೆ. ಫುಟ್‌ಬಾಲ್ ತಂಡಕ್ಕೆ ಹುಡುಗರನ್ನು ಆರಿಸಲು ಬಹುತೇಕ ಕಡೆ ನಡೆಯುವುದು ಒಂದೇ ಪರೀಕ್ಷೆ. ಎಲ್ಲರನ್ನೂ ಒಂದು ಗೆರೆಯ ಮೇಲೆ ನಿಲ್ಲಿಸಿ, ಸೀಟಿ ಊದಿ, ಮೈದಾನದ ಆ ತುದಿಯವರೆಗೆ ಓಡಿಸುವುದು. ಮೊದಲು ಮುಟ್ಟಿದವರು ತಂಡದ ಒಳಗೆ. ಕೊನೆಗೆ ಬಂದ ಗಿಡ್ಡ ಹುಡುಗನಿಗೆ ಚೆಂಡಿನ ಮೇಲೆ ಎಷ್ಟೇ ಹಿಡಿತವಿರಲಿ, ಅವನ ಪಾಲಿಗೆ ಉಳಿಯುವುದು ಗೆಳೆಯರ ಚಪ್ಪಲಿ, ನೀರಿನ ಬಾಟಲಿ ಕಾಯುವ ಕೆಲಸ. ಆ ಹುಡುಗ ಮರುವರ್ಷ ಆಯ್ಕೆಗೆ ಬರುವುದೇ ಇಲ್ಲ. ಹಾಗಾದರೆ ಆ ಒಂದು ಓಟದಲ್ಲಿ ನಾವು ನಿಜವಾಗಿ ಅಳೆದದ್ದು ಏನನ್ನು? ಈ ಪ್ರಶ್ನೆಗೆ ಸುಮಾರು ನೂರು ವರ್ಷಗಳ ಇತಿಹಾಸವಿದೆ. ಪ್ರಯೋಗಾಲಯದ ಪ್ರಾಧ್ಯಾಪಕರು, ಸೈನ್ಯದ ವೈದ್ಯರು, ಹೈದರಾಬಾದಿನ ಒಬ್ಬ ಶಾಲಾ ಮಾಸ್ತರು, ನಾರ್ವೆ ದೇಶದ ಹತ್ತೊಂಬತ್ತು ಹುಡುಗರು ಹೀಗೆ ಹಲವರು ಆ ಇತಿಹಾಸದಲ್ಲಿ ಬಂದು ಹೋಗುತ್ತಾರೆ. ಅದನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಎರಡು ಶಬ್ದಗಳನ್ನು ಸ್ಪಷ್ಟಪಡಿಸಿಕೊಳ್ಳೋಣ. ಇಪ್ಪತ್ತು ಮೂವತ್ತು ಮೀಟರ್ ದೂರವನ್ನು ಬಾಣದಂತೆ ಓಡುವ ಶಕ್ತಿಗೆ ವೇಗ ಎನ್ನುತ್ತೇವೆ. ಇಡೀ ಪಂದ್ಯ ಓಡಿ, ನಿಂತು, ಮತ್ತೆ ಓಡುವ ಶಕ್ತಿಗೆ ಇಂಗ್ಲಿಷಿನಲ್ಲಿ ಏರೋಬಿಕ್ ಫಿಟ್‌ನೆಸ್ ಎನ್ನುತ್ತಾರೆ. ಉಸಿರಾಡಿದ ಗಾಳಿಯ ಆಮ್ಲಜನಕವನ್ನು ರಕ್ತದ ಮೂಲಕ ಸ್ನಾಯುಗಳಿಗೆ ಮುಟ್ಟಿಸಿ ಬಳಸುವ ಸಾಮರ್ಥ್ಯ ಎಂದು ಅದರ ಅರ್ಥ. ನಮ್ಮ ಮೈದಾನಗಳಲ್ಲಿ ಇದಕ್ಕೆ ಮೊದಲಿನಿಂದಲೂ ಇರುವ ಮಾತು 'ದಮ್ಮು'. ಉರ್ದುವಿನಲ್ಲಿ 'ದಮ್' ಎಂದರೆ ಉಸಿರೂ ಹೌದು, ಕಸುವೂ ಹೌದು. ಕನ್ನಡಕ್ಕೆ ಬಂದ ಮೇಲೆ ಅದು ಕಾಯಿಲೆಯ ಹೆಸರೂ ಆಯಿತು, 'ದಮ್ಮಿದ್ದರೆ ಬಾ' ಎಂಬ ಸವಾಲೂ ಆಯಿತು. ಉಸಿರು ಮತ್ತು ಕಸುವು ಒಂದೇ ಎಂಬುದನ್ನು ವಿಜ್ಞಾನಕ್ಕಿಂತ ಮೊದಲೇ ಭಾಷೆ ಕಂಡುಕೊಂಡಿತ್ತು ಎನ್ನಬಹುದು.

ಈ ಎರಡನ್ನೂ ಅಳೆಯಲು ಹೊರಟ ಮೊದಲಿಗರಲ್ಲಿ ಇಂಗ್ಲೆಂಡಿನ ಆರ್ಕಿಬಾಲ್ಡ್ ವಿವಿಯನ್ ಹಿಲ್ ಪ್ರಮುಖರು. ಸ್ನಾಯುಗಳಲ್ಲಿ ಉಷ್ಣ ಹುಟ್ಟುವ ಬಗೆಯನ್ನು ಕಂಡುಹಿಡಿದುದಕ್ಕಾಗಿ 1922ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದ ಅವರು ಸ್ವತಃ ಓಟಗಾರರಾಗಿದ್ದರು. ಮ್ಯಾಂಚೆಸ್ಟರಿನಲ್ಲಿ ಹಾರ್ಟ್ಲಿ ಲಪ್ಟನ್ ಎಂಬ ಸಹೋದ್ಯೋಗಿಯೊಡನೆ ಕೆಲಸ ಮಾಡುತ್ತಿದ್ದಾಗ ಬೆನ್ನಿಗೆ ದೊಡ್ಡ ಚೀಲ ಕಟ್ಟಿಕೊಂಡು, ಬಾಯಿಗೆ ಕೊಳವೆ ಕಚ್ಚಿಕೊಂಡು, ಬಿಟ್ಟ ಉಸಿರನ್ನೆಲ್ಲ ಆ ಚೀಲದಲ್ಲಿ ಹಿಡಿದಿಡುತ್ತಾ ಅವರು ಹುಲ್ಲಿನ ಮೇಲೆ ಓಡಿದರು. ವೇಗ ಹೆಚ್ಚಿದಂತೆ ದೇಹ ಬಳಸುವ ಆಮ್ಲಜನಕವೂ ಹೆಚ್ಚುತ್ತಾ ಹೋಗಿ, ನಿಮಿಷಕ್ಕೆ ಸುಮಾರು ನಾಲ್ಕು ಲೀಟರ್ ತಲುಪಿದ ಮೇಲೆ ನಿಂತುಬಿಟ್ಟಿತು. ಇನ್ನೂ ಜೋರಾಗಿ ಓಡಿದರೂ ಅದು ಏರಲಿಲ್ಲ. ಪ್ರತಿಯೊಬ್ಬನ ಉಸಿರಿಗೂ ಒಂದು ಮೇಲ್ಮಿತಿ ಇದೆ ಎಂಬುದು 1923ರಲ್ಲಿ ಪ್ರಕಟವಾದ ಅವರ ಬರಹದ ಸಾರ. ಮಿತಿ ಮೀರಿ ಓಡಿದರೆ ದೇಹ ಸಾಲ ಮಾಡುತ್ತದೆ, ನಿಂತ ಮೇಲೆ ಏದುಸಿರು ಬಿಡುತ್ತಾ ಆ ಸಾಲ ತೀರಿಸುತ್ತದೆ ಎಂದು ಅವರು ವಿವರಿಸಿದರು. 'ಆಮ್ಲಜನಕದ ಸಾಲ' ಎಂಬ ಮಾತು ಹುಟ್ಟಿದ್ದು ಹೀಗೆ. ಆ ಲೆಕ್ಕದ ಹಲವು ವಿವರಗಳನ್ನು ಮುಂದಿನವರು ತಿದ್ದಿದ್ದಾರೆ, ಆದರೂ ಪಾಠ ಹೇಳುವ ನಮ್ಮಂಥವರಿಗೆ ಅಷ್ಟು ಸುಲಭವಾದ ಹೋಲಿಕೆ ಇನ್ನೊಂದು ಸಿಗಲಾರದು. ಅದೇ ಹಿಲ್ ಅವರು 1927ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓಟಗಾರರ ಮೈಗೆ ಅಯಸ್ಕಾಂತ ಕಟ್ಟಿ, ಹಾದಿಯ ಪಕ್ಕದಲ್ಲಿ ತಂತಿಯ ಸುರುಳಿಗಳನ್ನು ನಿಲ್ಲಿಸಿ, ಸ್ಪ್ರಿಂಟ್ ಓಟದ ವೇಗವನ್ನೂ ಅಳೆದರು. ವೇಗ ಮತ್ತು ದಮ್ಮು ಎರಡೂ ಒಬ್ಬನೇ ವಿಜ್ಞಾನಿಯ ಕೈಯಲ್ಲಿ ಅಳತೆಗೆ ಸಿಕ್ಕವು. ಆಟದ ಮೈದಾನದಲ್ಲಿ ಮಾತ್ರ ಅವು ಬೇರೆ ಬೇರೆಯಾಗಿಯೇ ಉಳಿದವು.

ಹಿಲ್ ಅಳೆದದ್ದು ದೊಡ್ಡವರನ್ನು. ಮಕ್ಕಳ ಕಡೆಗೆ ವ್ಯವಸ್ಥಿತವಾಗಿ ನೋಡಿದವರು ಸ್ವೀಡನ್ನಿನ ಪೆರ್-ಓಲೋಫ್ ಓಸ್ಟ್ರಾಂಡ್. 1952ರ ಅವರ ಮಹಾಪ್ರಬಂಧದಲ್ಲಿ ನಾಲ್ಕು ವರ್ಷದ ಮಗುವಿನಿಂದ ಮೂವತ್ತಮೂರು ವರ್ಷದವರೆಗಿನ ಗಂಡಸರು, ಹೆಂಗಸರು ಇದ್ದಾರೆ. ದೇಹದ ಒಂದು ಕಿಲೋ ತೂಕಕ್ಕೆ ಇಷ್ಟು ಎಂದು ಲೆಕ್ಕ ಹಾಕಿದರೆ ಹುಡುಗರ ದಮ್ಮು ದೊಡ್ಡವರಿಗಿಂತ ಕಡಿಮೆ ಇರಲಿಲ್ಲ. ಸಣ್ಣ ಹುಡುಗ ಬೇಗ ಸುಸ್ತಾಗುತ್ತಾನೆ ಎಂಬ ನಮ್ಮ ಊಹೆಗೆ ಇದು ವಿರುದ್ಧ. ಅವನಿಗೆ ಕಡಿಮೆ ಇರುವುದು ಸ್ನಾಯುವಿನ ಬಲ ಮತ್ತು ಹೆಜ್ಜೆಯ ಉದ್ದ. ಗೆರೆಯ ಮೇಲೆ ನಿಲ್ಲಿಸಿ ಸೀಟಿ ಊದಿದಾಗ ಬಯಲಾಗುವುದೂ ಇವೆರಡೇ.

ಇನ್ನು ನಮ್ಮ ನಾಡಿನ ಕಡೆ ಬರೋಣ. ಪ್ರಯೋಗಾಲಯವಿಲ್ಲದಿದ್ದರೂ ಆಟದ ಹಳೆಯ ಪರಂಪರೆ ನಮ್ಮಲ್ಲಿತ್ತು. ಮುಂಬಯಿಯ ರೋವರ್ಸ್ ಕಪ್ ಬಹುಕಾಲ ಬ್ರಿಟಿಷ್ ರೆಜಿಮೆಂಟುಗಳ ಸೊತ್ತಾಗಿತ್ತು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ನಾಗರಿಕ ತಂಡ ಬೆಂಗಳೂರು ಮುಸ್ಲಿಮ್ಸ್. 1948ರಲ್ಲಿ ಅದೇ ತಂಡ ಮತ್ತೊಮ್ಮೆ ಗೆದ್ದಿತು. ಬೆಂಗಳೂರಿನವರೇ ಆದ ಅಹ್ಮದ್ ಖಾನ್ 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ ದೇಶಕ್ಕೆ ಆಡಿದರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯದ ಎದುರು ಭಾರತ 10–1ರಿಂದ ಸೋತಾಗ ಆ ಒಂದು ಗೋಲು ಅವರದೇ. ಈ ಸೋಲಿಗೆ ಬರಿಗಾಲು ಮತ್ತು ಚಳಿ ಎಂಬ ಎರಡು ಕಾರಣಗಳನ್ನು ಎಲ್ಲರೂ ಹೇಳುತ್ತಾರೆ. ನನ್ನ ದೃಷ್ಟಿಯಲ್ಲಿ ಮೂರನೆಯದೂ ಒಂದಿದೆ. ಆ ಕಾಲದಲ್ಲಿ ನಮ್ಮ ದೇಶದ ಪಂದ್ಯಾವಳಿಗಳ ಪಂದ್ಯಗಳು 90 ನಿಮಿಷಕ್ಕಿಂತ ಕಡಿಮೆ ಅವಧಿಯವು. ಕಡಿಮೆ ನಿಮಿಷಕ್ಕೆ ಪಳಗಿದ ದೇಹ ಪೂರ್ಣ ಪಂದ್ಯದ ಹದಕ್ಕೆ ಬರುವುದು ಹೇಗೆ?

ಈ ಹದವನ್ನು ಅರ್ಥ ಮಾಡಿಕೊಂಡವರು ಸಯ್ಯದ್ ಅಬ್ದುಲ್ ರಹೀಂ. ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರರಾದ ಅವರು ಹೈದರಾಬಾದಿನ ಶಾಲೆಗಳಲ್ಲಿ ಪಾಠ ಹೇಳುತ್ತಿದ್ದ ಮಾಸ್ತರು. ಬಳಿಕ ದೈಹಿಕ ಶಿಕ್ಷಣದ ತರಬೇತಿಯನ್ನೂ ಪಡೆದರು. ಅವರ ಕೈಯಲ್ಲಿ ಪಳಗಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಗೆದ್ದಿತು. ಅವರ ತರಬೇತಿಯಲ್ಲಿ ಭಾರತ 1951ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದಿತು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿ ನಾಲ್ಕನೆಯ ಸ್ಥಾನಕ್ಕೆ ಬಂತು. ಮೆಲ್ಬರ್ನ್‌ಗೆ ಹೋದ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯ ಇದ್ದರು. 1962ರಲ್ಲಿ ಜಕಾರ್ತದಲ್ಲಿ ಮೊದಲ ಪಂದ್ಯವನ್ನು ದಕ್ಷಿಣ ಕೊರಿಯಕ್ಕೆ 0–2ರಿಂದ ಸೋತ ತಂಡ, ಹತ್ತು-ಹನ್ನೊಂದು ದಿನಗಳಲ್ಲಿ ಐದು ಪಂದ್ಯ ಆಡಿ, ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಅದೇ ಕೊರಿಯವನ್ನು 2–1ರಿಂದ ಸೋಲಿಸಿತು. ಆಗ ರಹೀಂ ಸಾಹೇಬರಿಗೆ ಶ್ವಾಸಕೋಶದ ಕ್ಯಾನ್ಸರ್. ಮರುವರ್ಷ ಜೂನ್ ತಿಂಗಳಲ್ಲಿ ಅವರು ತೀರಿಕೊಂಡರು. ಹನ್ನೊಂದು ಜನರ ದಮ್ಮು ಬೆಳೆಸಿದವರ ಸ್ವಂತ ಉಸಿರನ್ನೇ ಕಾಯಿಲೆ ಕಸಿದುಕೊಂಡಿತು.

ಹೈದರಾಬಾದಿನಲ್ಲಿ ಅವರು ನಡೆಸಿದ ಪಂದ್ಯಾವಳಿಗಳು ನಮ್ಮ ವಿಷಯಕ್ಕೆ ಹೆಚ್ಚು ಸಂಬಂಧಿಸಿದವು. ಡ್ರಿಬ್ಲಿಂಗ್ ಮಾಡಬಾರದೆಂಬ ಪಂದ್ಯಾವಳಿ ಒಂದು, ಬಲವಿಲ್ಲದ ಕಾಲಿನಿಂದಲೇ ಆಡಬೇಕೆಂಬ ಪಂದ್ಯಾವಳಿ ಇನ್ನೊಂದು. ಚೆಂಡನ್ನು ಕಾಲಲ್ಲಿ ಇಟ್ಟುಕೊಳ್ಳುವಂತಿಲ್ಲ ಎಂದಾದರೆ ಬರೀ ವೇಗದ ಹುಡುಗನ ಆಟ ನಡೆಯುವುದಿಲ್ಲ. ಪಾಸ್ ಕೊಟ್ಟು ಖಾಲಿ ಜಾಗಕ್ಕೆ ಓಡಬೇಕು, ಚೆಂಡು ಸಿಗದಿದ್ದರೆ ಮತ್ತೊಂದು ಜಾಗಕ್ಕೆ ಓಡಬೇಕು. ಅಂದರೆ ಅದು ದಮ್ಮಿನ ಪರೀಕ್ಷೆ. ಸ್ಟಾಪ್‌ವಾಚ್ ಇಲ್ಲದೆ, ಆಟದ ನಿಯಮ ಬದಲಿಸಿ ಪರೀಕ್ಷೆ ಮಾಡುವುದು ಒಳ್ಳೆಯ ಮಾಸ್ತರರ ಲಕ್ಷಣ.

ಮುಂದಿನ ಹೆಜ್ಜೆ ಅಮೆರಿಕದ್ದು. ವಾಯುಪಡೆಯ ವೈದ್ಯ ಕೆನೆತ್ ಕೂಪರ್ 1968ರಲ್ಲಿ ಒಂದು ಸರಳ ಪರೀಕ್ಷೆಯನ್ನು ಪ್ರಕಟಿಸಿದರು. ಹನ್ನೆರಡು ನಿಮಿಷಗಳಲ್ಲಿ ಎಷ್ಟು ದೂರ ಓಡುತ್ತೀರಿ ಎಂದು ನೋಡಿದರೆ ದಮ್ಮಿನ ಅಂದಾಜು ಸಿಗುತ್ತದೆ; ಚೀಲ ಬೇಡ, ಕೊಳವೆ ಬೇಡ. ಬ್ರೆಜಿಲ್ ಸೈನ್ಯದ ಕ್ಯಾಪ್ಟನ್ ಕ್ಲೌಡಿಯೊ ಕೌಟಿನ್ಯೊ ಇದನ್ನು ಕಲಿತು 1970ರ ವಿಶ್ವಕಪ್‌ಗೆ ಸಿದ್ಧವಾಗುತ್ತಿದ್ದ ತಮ್ಮ ದೇಶದ ತಂಡಕ್ಕೆ ಅಳವಡಿಸಿದರು. ಎತ್ತರದ ಪ್ರದೇಶವಾದ ಮೆಕ್ಸಿಕೊದಲ್ಲಿ ಉಸಿರೇ ದೊಡ್ಡ ಸಮಸ್ಯೆ. ಪೆಲೆ ಇದ್ದ ಆ ತಂಡವನ್ನು ಜಗತ್ತು ನೆನೆಯುವುದು ಕಾಲಿನ ಕಲೆಗಾಗಿ. ಆದರೆ ಗೋಲುಗಳ ಪಟ್ಟಿ ತೆಗೆದು ನೋಡಿ. ಆರು ಪಂದ್ಯಗಳಲ್ಲಿ ಬ್ರೆಜಿಲ್ ಹೊಡೆದ 19 ಗೋಲುಗಳ ಪೈಕಿ 12 ಬಂದಿರುವುದು ದ್ವಿತೀಯಾರ್ಧದಲ್ಲಿ. ಫೈನಲ್‌ನಲ್ಲಿ ಇಟಲಿಯ ವಿರುದ್ಧ ಮೊದಲಾರ್ಧ 1–1. ಉಳಿದ ಮೂರೂ ಗೋಲುಗಳು ಎದುರಾಳಿಗಳು ದಣಿದ ಮೇಲೆ ಬಂದವು.

ಇಷ್ಟಾದರೂ ಪಂದ್ಯದಲ್ಲಿ ಆಟಗಾರ ನಿಜವಾಗಿ ಎಷ್ಟು ಓಡುತ್ತಾನೆ ಎಂಬ ವಿವರವಾದ ಲೆಕ್ಕ ಇರಲಿಲ್ಲ. ಇಂಗ್ಲೆಂಡಿನಲ್ಲಿ ಟಾಮ್ ರೈಲಿ ಮತ್ತು ವಾನ್ ಥಾಮಸ್ ಎಂಬಿಬ್ಬರು ಪ್ರೇಕ್ಷಕರ ಸಾಲಿನಲ್ಲಿ ಕುಳಿತು, ಒಬ್ಬೊಬ್ಬ ಆಟಗಾರನನ್ನೇ ಕಣ್ಣಿನಿಂದ ಹಿಂಬಾಲಿಸಿ, ಅವನ ನಡಿಗೆ, ಓಟಗಳನ್ನು ಟೇಪ್ ರೆಕಾರ್ಡರಿಗೆ ಹೇಳುತ್ತಾ ಹೋದರು. 1976ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ ಮೇಲ್ದರ್ಜೆಯ ಆಟಗಾರ ಒಂದು ಪಂದ್ಯದಲ್ಲಿ ಕ್ರಮಿಸುತ್ತಿದ್ದುದು ಸರಾಸರಿ 8.7 ಕಿಲೋಮೀಟರ್. ಅದರಲ್ಲಿ ಪೂರ್ಣ ವೇಗದ ಓಟ ಸುಮಾರು ಒಂಬತ್ತರಲ್ಲಿ ಒಂದು ಪಾಲು. ಚೆಂಡು ಕಾಲಿನಲ್ಲಿದ್ದಾಗ ಕ್ರಮಿಸಿದ ದೂರ ಶೇ. 2ಕ್ಕಿಂತಲೂ ಕಡಿಮೆ! ಇಂದು ಆಟಗಾರರ ಬೆನ್ನಿಗೆ ಉಪಗ್ರಹದ ಮೂಲಕ ಅಳೆಯುವ ಯಂತ್ರ ಕಟ್ಟುತ್ತಾರೆ, ದೂರವೂ ಹತ್ತು ಕಿಲೋಮೀಟರ್ ಮೀರಿದೆ. ಆದರೂ ಚಿತ್ರದ ಸ್ವರೂಪ ಹೆಚ್ಚು ಬದಲಾಗಿಲ್ಲ: ಬಹುಪಾಲು ನಡಿಗೆ ಮತ್ತು ಮೆಲ್ಲೋಟ, ನಡುನಡುವೆ ಎರಡು ನಾಲ್ಕು ಸೆಕೆಂಡುಗಳ ಸ್ಪ್ರಿಂಟ್.

ಓಡು, ನಿಲ್ಲು, ತಿರುಗು ಎಂಬ ಈ ಸ್ವರೂಪಕ್ಕೆ ತಕ್ಕ ಪರೀಕ್ಷೆಗಳು ಬಂದವು. ಕೆನಡಾದ ಲೂಕ್ ಲೆಜೆ 1982ರಲ್ಲಿ 20 ಮೀಟರ್ ಅಂತರದ ಎರಡು ಗೆರೆಗಳ ನಡುವೆ 'ಬೀಪ್' ಶಬ್ದಕ್ಕೆ ಸರಿಯಾಗಿ ಓಡುವ ಪರೀಕ್ಷೆಯನ್ನು ರೂಪಿಸಿದರು. ಬೀಪ್‌ಗಳ ನಡುವಿನ ಸಮಯ ಕಡಿಮೆಯಾಗುತ್ತಾ ಹೋಗುತ್ತದೆ, ತಾಳ ತಪ್ಪಿದವರು ಹೊರಗೆ. ಡೆನ್ಮಾರ್ಕಿನ ಯೆನ್ಸ್ ಬಾಂಗ್ಸ್‌ಬೊ 1990ರ ದಶಕದಲ್ಲಿ ಅದಕ್ಕೊಂದು ತಿದ್ದುಪಡಿ ಮಾಡಿದರು. ಪ್ರತಿ 40 ಮೀಟರ್ ಆದ ಮೇಲೆ 10 ಸೆಕೆಂಡು ಬಿಡುವು. ಇದೇ ಈಗ ಕ್ರಿಕೆಟ್ ಆಟಗಾರರ ಸುದ್ದಿಯಲ್ಲಿ ನಾವು ಕೇಳುವ ಯೋ-ಯೋ ಪರೀಕ್ಷೆ. ಅದರ ಮೂಲ ಫುಟ್‌ಬಾಲ್ ಎಂಬುದು ನಮ್ಮ ಹುಡುಗರಿಗೆ ಗೊತ್ತಿಲ್ಲ.

ಈಗ ನಾರ್ವೆಯ ಟ್ರಾನ್‌ಹೈಮ್ ನಗರಕ್ಕೆ ಬರೋಣ. ನನ್ನ ಮಟ್ಟಿಗೆ ಈ ಇತಿಹಾಸದ ಮುಖ್ಯ ಅಧ್ಯಾಯ ಇದು. 1998ರಲ್ಲಿ ಅಲ್ಲಿನ ಸಂಶೋಧಕರು ದೇಶದ ಮೊದಲ ದರ್ಜೆಯ ಲೀಗಿನಲ್ಲಿ ಅಗ್ರಸ್ಥಾನ ಪಡೆದ ರೋಸೆನ್‌ಬೋರ್ಗ್ ತಂಡವನ್ನೂ ಕೊನೆಯ ಸ್ಥಾನದ ಸ್ಟ್ರಿಂಡ್‌ಹೈಮ್ ತಂಡವನ್ನೂ ಹೋಲಿಸಿದರು. ಆಮ್ಲಜನಕ ಬಳಸುವ ಮೇಲ್ಮಿತಿ ಕಿಲೋ ತೂಕಕ್ಕೆ ನಿಮಿಷವೊಂದಕ್ಕೆ ಗೆದ್ದವರಲ್ಲಿ 67.6 ಮಿಲಿಲೀಟರ್, ಕೊನೆಯವರಲ್ಲಿ 59.9. ದಮ್ಮು ಇದ್ದವರು ಗೆಲ್ಲುತ್ತಾರೋ, ಗೆಲ್ಲುವ ತಂಡದಲ್ಲಿ ಇರುವುದರಿಂದ ದಮ್ಮು ಬರುತ್ತದೋ ಎಂಬುದು ಇದರಿಂದ ತಿಳಿಯುವುದಿಲ್ಲ. ಹಾಗಾಗಿ ಯಾನ್ ಹೆಲ್ಗೆರುಡ್ ಮತ್ತು ಸಂಗಡಿಗರು ಸರಾಸರಿ ಹದಿನೆಂಟು ವರ್ಷದ 19 ಆಟಗಾರರನ್ನು ಎರಡು ಗುಂಪು ಮಾಡಿದರು. ಎರಡೂ ಗುಂಪುಗಳಿಗೆ ಎಂದಿನ ತಾಲೀಮು ಇದ್ದೇ ಇತ್ತು. ಒಂದು ಗುಂಪಿಗೆ ಮಾತ್ರ ವಾರಕ್ಕೆ ಎರಡು ದಿನ, ನಾಲ್ಕು ನಾಲ್ಕು ನಿಮಿಷದ ನಾಲ್ಕು ಓಟಗಳು. ಓಡುವಾಗ ಹೃದಯ ಬಡಿತ ಅದರ ಗರಿಷ್ಠದ ಶೇ. 90ರಿಂದ 95ರಷ್ಟು ಇರಬೇಕು, ನಡುವೆ ಮೂರು ನಿಮಿಷ ಮೆಲ್ಲೋಟ. ಇನ್ನೊಂದು ಗುಂಪಿಗೆ ಅಷ್ಟೇ ಹೊತ್ತು ಚೆಂಡಿನ ಕೌಶಲದ ಅಭ್ಯಾಸ. ಎಂಟು ವಾರಗಳ ನಂತರ ಮತ್ತೆ ಅಳೆದರು. 2001ರಲ್ಲಿ ಫಲಿತಾಂಶ ಪ್ರಕಟವಾಯಿತು.

ಓಡಿದ ಹುಡುಗರ ಮೇಲ್ಮಿತಿ 58.1ರಿಂದ 64.3ಕ್ಕೆ ಏರಿತ್ತು. ಪಂದ್ಯದಲ್ಲಿ ಅವರು ಕ್ರಮಿಸಿದ ದೂರ ಶೇ. 20ರಷ್ಟು, ಚೆಂಡಿನ ಸಂಪರ್ಕಕ್ಕೆ ಬಂದ ಸಂದರ್ಭಗಳು ಶೇ. 24ರಷ್ಟು ಹೆಚ್ಚಿದ್ದವು. ಸ್ಪ್ರಿಂಟ್‌ಗಳ ಸಂಖ್ಯೆ ಇಮ್ಮಡಿಯಾಗಿತ್ತು. ಆದರೆ ಇಲ್ಲಿ ಓದುಗರು ಸ್ವಲ್ಪ ನಿಂತು ಗಮನಿಸಬೇಕು: ಅದೇ ಹುಡುಗರನ್ನು ಗೆರೆಯ ಮೇಲೆ ನಿಲ್ಲಿಸಿ ಓಡಿಸಿದಾಗ ಅವರ ಸ್ಪ್ರಿಂಟ್ ವೇಗ ಮೊದಲಿನಷ್ಟೇ ಇತ್ತು. ಒದೆಯುವ ಬಲವೂ ಜಿಗಿತದ ಎತ್ತರವೂ ಬದಲಾಗಿರಲಿಲ್ಲ. ವೇಗ ಒಂದಿಷ್ಟೂ ಹೆಚ್ಚಲಿಲ್ಲ, ವೇಗವಾಗಿ ಓಡಿದ ಸಂದರ್ಭಗಳು ಮಾತ್ರ ಎರಡು ಪಟ್ಟಾದವು. ಆಯ್ಕೆಯ ದಿನ ಸೀಟಿ ಊದಿ ಓಡಿಸಿದ್ದರೆ ಈ ಎಂಟು ವಾರಗಳ ಪ್ರಗತಿ ನಮ್ಮ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಇದಕ್ಕೆ ಕಾರಣ ಹಿಲ್ ಅವರ ಸಾಲದ ಲೆಕ್ಕದಲ್ಲಿದೆ. ಮೂರು ಸೆಕೆಂಡಿನ ಸ್ಪ್ರಿಂಟ್‌ಗೆ ಬೇಕಾದ ಶಕ್ತಿ ಬಹುಪಾಲು ಸ್ನಾಯುವಿನಲ್ಲೇ ಕೂಡಿಟ್ಟ ಫಾಸ್ಫೊಕ್ರಿಯಾಟಿನ್ ಎಂಬ ದ್ರವ್ಯದಿಂದ ಬರುತ್ತದೆ. ಆ ಗಂಟು ಚಿಕ್ಕದು, ಬೇಗ ಕರಗುತ್ತದೆ. ಅದನ್ನು ಮತ್ತೆ ತುಂಬುವುದು ಆಮ್ಲಜನಕದ ಕೆಲಸ. ದಮ್ಮು ಚೆನ್ನಾಗಿದ್ದರೆ ಗಂಟು ಬೇಗ ತುಂಬುತ್ತದೆ, ಹುಡುಗ ಮತ್ತೊಂದು ಓಟಕ್ಕೆ ಸಿದ್ಧ. ಇಲ್ಲದಿದ್ದರೆ ಎಂತಹ ವೇಗದ ಹುಡುಗನೂ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾನೆ. ವೇಗವನ್ನು ಹೆಚ್ಚಿಸಲು ಸಾಧ್ಯವೇ ಇಲ್ಲವೆಂದು ಇದರರ್ಥವಲ್ಲ. ಅದೇ ಟ್ರಾನ್‌ಹೈಮ್ ಬಳಗ 2004ರಲ್ಲಿ 17 ಆಟಗಾರರನ್ನು ಪರೀಕ್ಷಿಸಿ, ಹೆಗಲ ಮೇಲೆ ಭಾರ ಹೊತ್ತು ಬೈಠಕ್ ಹೊಡೆಯುವ ಬಲಕ್ಕೂ 10 ಮತ್ತು 30 ಮೀಟರ್ ಓಟಕ್ಕೂ ಗಾಢ ಸಂಬಂಧವಿದೆ ಎಂದು ತೋರಿಸಿತು. ವೇಗದ ದಾರಿ ಬಲ, ಮರುಓಟದ ದಾರಿ ದಮ್ಮು.

ಬರೀ ಓಡಿಸಿದರೆ ಮಕ್ಕಳಿಗೆ ಬೇಸರ ಎಂಬ ಆಕ್ಷೇಪಕ್ಕೂ ಉತ್ತರ ಬಂತು. 2006ರಲ್ಲಿ ಇಟಲಿಯ ಸಂಶೋಧಕರು ಕಿರಿಯ ಆಟಗಾರರ ಒಂದು ಗುಂಪನ್ನು ಹೀಗೆ ಓಡಿಸಿ, ಇನ್ನೊಂದು ಗುಂಪನ್ನು ಸಣ್ಣ ಮೈದಾನದಲ್ಲಿ ಕೆಲವೇ ಜನರ ಪಂದ್ಯ ಆಡಿಸಿದರು. ಎರಡೂ ಗುಂಪುಗಳ ದಮ್ಮು ಒಂದೇ ಸಮನಾಗಿ ಬೆಳೆಯಿತು. ಗಲ್ಲಿಯಲ್ಲಿ ಮೂರು ಮೂರು ಜನ ಆಡುವ ಆಟವನ್ನು ಕಾಲಹರಣ ಎಂದು ಗದರುವ ಪೋಷಕರು ಇದನ್ನು ಗಮನಿಸಲಿ.

ಉಳಿದದ್ದು ವಯಸ್ಸಿನ ಪ್ರಶ್ನೆ. ನಮ್ಮ ಬಿ.ಎಡ್. ತರಗತಿಗಳಲ್ಲಿ ಕಾಲವಯಸ್ಸು, ಮಾನಸಿಕ ವಯಸ್ಸು ಎಂದು ಎರಡನ್ನು ಓದಿಸುತ್ತಾರೆ. ಮೂರನೆಯದು ದೇಹದ ವಯಸ್ಸು. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದವರು 33 ಬಾಲ ಆಟಗಾರರನ್ನು ಐದು ವರ್ಷ ಹಿಂಬಾಲಿಸಿ 2006ರಲ್ಲಿ ವರದಿ ಮಾಡಿದರು. ಅವರ ಎತ್ತರ ಅತಿ ಬೇಗ ಏರಿದ್ದು ಸರಾಸರಿ 13.8ನೇ ವಯಸ್ಸಿನಲ್ಲಿ. ಓಟದ ವೇಗವೂ ದಮ್ಮೂ ಅತಿ ಹೆಚ್ಚು ಬೆಳೆದದ್ದು ಅದೇ ಸುಮಾರಿಗೆ. ಆದರೆ ಇದು ಸರಾಸರಿ ಮಾತ್ರ. ಒಬ್ಬನಿಗೆ ಹನ್ನೆರಡೂವರೆಗೇ ಬಂದ ಬೆಳವಣಿಗೆ ಇನ್ನೊಬ್ಬನಿಗೆ ಹದಿನೈದಕ್ಕೆ ಬರಬಹುದು. ಇಬ್ಬರೂ ಎಂಟನೆಯ ತರಗತಿಯ ಒಂದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ಅವರಿಬ್ಬರನ್ನು ಜೊತೆಗೆ ಓಡಿಸಿದರೆ ನಮಗೆ ತಿಳಿಯುವುದು ಯಾರು ಮೊದಲು ಬೆಳೆದರು ಎಂಬುದು.

ಇದಕ್ಕೆ ಇನ್ನೊಂದು ಪುರಾವೆ ಬೆಲ್ಜಿಯಂನಲ್ಲೇ ಸಿಕ್ಕಿತು. ಅಲ್ಲಿ ಬಾಲಕರ ವಯೋಮಿತಿಯನ್ನು ಆಗಸ್ಟ್ 1ರಿಂದ ಲೆಕ್ಕ ಹಾಕುತ್ತಿದ್ದರು. ಆಯ್ಕೆಯಾದವರಲ್ಲಿ ಆಗಸ್ಟ್ ಮತ್ತು ಅದರ ನಂತರದ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು, ಏಕೆಂದರೆ ತಮ್ಮ ಗುಂಪಿನಲ್ಲಿ ಅವರೇ ಹಿರಿಯರು. 1997ರಲ್ಲಿ ಲೆಕ್ಕದ ದಿನವನ್ನು ಜನವರಿ 1ಕ್ಕೆ ಬದಲಿಸಿದರು. ಕೂಡಲೇ ಜನವರಿಯಿಂದ ಮಾರ್ಚ್‌ವರೆಗೆ ಹುಟ್ಟಿದವರು 'ಪ್ರತಿಭಾವಂತ'ರಾದರು! ಪ್ರತಿಭೆ ಒಂದು ಸುತ್ತೋಲೆಯಿಂದ ಹೀಗೆ ತಿಂಗಳು ಬದಲಿಸುವುದಾದರೆ ಆಯ್ಕೆದಾರರು ನೋಡುತ್ತಿದ್ದುದು ಪ್ರತಿಭೆಯನ್ನಲ್ಲ ಎಂಬುದು ಸ್ಪಷ್ಟ. ನಮ್ಮಲ್ಲಿ ಶಾಲೆಗೆ ಸೇರಿಸುವಾಗ ಬರೆಸಿದ ಜನ್ಮದಿನಾಂಕಗಳ ಕಥೆ ಗೊತ್ತಿರುವವರಿಗೆ ಈ ವಿಷಯವನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಸ್ವಾರಸ್ಯವೆಂದರೆ ಜನ್ಮದಿನಾಂಕದ ಕಾಗದ ನೋಡದೆ ಮಕ್ಕಳನ್ನು ಸರಿಸಮವಾಗಿ ಆಡಿಸುವ ಉಪಾಯ ನಮ್ಮ ದೇಶದಲ್ಲಿ ಬಹಳ ಹಿಂದಿನಿಂದ ಇತ್ತು. ಬಂಗಾಳದಲ್ಲಿ ಎತ್ತರದ ಮಿತಿಯಿಟ್ಟು ಬಾಲಕರ ಪಂದ್ಯಾವಳಿ ನಡೆಸುತ್ತಿದ್ದರು. ಅಳತೆಗೋಲಿನ ಕೆಳಗೆ ನಿಲ್ಲಿಸಿ, ತಲೆ ತಾಗಿದವನನ್ನು ಹೊರಗೆ ಕಳುಹಿಸಿದರೆ ಮುಗಿಯಿತು. ಇಂಗ್ಲೆಂಡಿನ ದೊಡ್ಡ ಕ್ಲಬ್‌ಗಳ ಬಾಲಕರ ಅಕಾಡೆಮಿಗಳು ಇದಕ್ಕೆ ಹತ್ತಿರದ ಪ್ರಯೋಗವನ್ನು 2015ರಲ್ಲಿ ಮಾಡಿದವು. 11ರಿಂದ 14 ವರ್ಷದ ಹುಡುಗರನ್ನು ವಯಸ್ಸಿನಿಂದ ವಿಂಗಡಿಸದೆ, ಮುಂದೆ ಬೆಳೆಯಬಹುದಾದ ಪೂರ್ಣ ಎತ್ತರದ ಶೇ. 85ರಿಂದ 90ರಷ್ಟನ್ನು ಈಗಾಗಲೇ ತಲುಪಿದವರನ್ನೆಲ್ಲ ಒಂದು ಗುಂಪಾಗಿಸಿ ಆಡಿಸಿದರು. ಬಳಿಕ ಆ ಹುಡುಗರನ್ನೇ ಕೂರಿಸಿಕೊಂಡು ಕೇಳಿದರು. ಬೇಗ ಬೆಳೆದಿದ್ದವರು, ಇಲ್ಲಿ ಮೈಬಲ ಸಾಲದು, ಬೇಗ ಯೋಚಿಸಿ ಪಾಸ್ ಕೊಡಬೇಕಾಯಿತು, ಆಟ ಕಷ್ಟವಾಯಿತು ಎಂದರು. ತಡವಾಗಿ ಬೆಳೆಯುತ್ತಿದ್ದವರು, ತಮ್ಮ ಆಟವನ್ನು ತೋರಿಸಲು, ತಂಡವನ್ನು ಮುನ್ನಡೆಸಲು ಇಲ್ಲಿ ಅವಕಾಶ ಸಿಕ್ಕಿತು ಎಂದರು.